ಕಸೂತಿ ಅಂಗಡಿಯ ಪಾಸ್‌ವರ್ಡ್

ಜುಲೈ ೨೮, ಸೋಮವಾರ

ಟ್ರಂಕಿಗೆ ಬೀಗ ಹಾಕುವುದನ್ನು ಅತ್ತೆ ನೋಡಿಬಿಟ್ಟರು. “ಇಲ್ಲಿ ಯಾರು ಕದೀತಾರೆ ಮರಿ, ನಾನಾ?” ಎಂದು ನಕ್ಕರು. ಸಾರಿ ಸಾರಿ ಎನ್ನುತ್ತ ಬೀಗ ತೆಗೆದೆ. ಅವರು ಕೆಳಗೆ ಅಂಗಡಿಗೆ ಇಳಿದ ಮೇಲೆ ಮತ್ತೆ ಹಾಕಿದೆ. ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಬೆಳೆದವಳಿಗೆ ಬೀಗವಿಲ್ಲದ ಪೆಟ್ಟಿಗೆಯೆಂದರೆ ಚಿಲಕವಿಲ್ಲದ ಬಾತ್‌ರೂಮಿನ ಹಾಗೆ. ಒಳಗಿದ್ದಷ್ಟು ಹೊತ್ತೂ ಒಂದು ಕಾಲು ಬಾಗಿಲ ಮೇಲೇ ಇರಬೇಕು.

ಇವರು ಅಪ್ಪನ ಅಕ್ಕ. ಅಪ್ಪನಿಗೆ ಹಡಗಿನ ಕೆಲಸ, ಅಮ್ಮ ಇಲ್ಲ. ಕಾಲೇಜು ಇಲ್ಲಿಗೆ ಹತ್ತಿರವೆಂದು ಅಪ್ಪ ಫೋನಿನಲ್ಲಿ ಕೇಳಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. “ಮೊದಲನೇ ಸೆಮಿಸ್ಟರ್ ಇರಲಿ, ಹೊಂದಿಕೊಂಡ್ರೆ ಸರಿ, ಇಲ್ದಿದ್ರೆ ಕಾಲೇಜಿನ ಹಾಸ್ಟೆಲ್ ಇದ್ದೇ ಇದೆ” ಎಂದರು ಅತ್ತೆ. ತಪ್ಪೇನಿಲ್ಲ. ಅವರೇನು ನನ್ನನ್ನು ಹೆತ್ತಿಲ್ಲವಲ್ಲ.

ಕೆಳಗೆ ಕಸೂತಿ ಅಂಗಡಿ, ಮೇಲೆ ಮನೆ. ಸ್ಕೂಲ್ ಬ್ಯಾಡ್ಜು, ಆಸ್ಪತ್ರೆ ಕೋಟಿನ ಮೇಲೆ ಡಾಕ್ಟರ ಹೆಸರು, ಹೋಟೆಲಿನ ಏಪ್ರನ್ನು. ದೊಡ್ಡ ಮಶೀನು ಓಡುವಾಗ ನನ್ನ ಮಂಚದ ಕಾಲು ಗಡಗಡ ಎನ್ನುತ್ತದೆ. ಒಂದೇ ಮಂಚ ಇರುವ ರೂಮಿನಲ್ಲಿ ಮಲಗುತ್ತಿರುವುದು ಇದೇ ಮೊದಲು. ಯಾರ ಕೆಮ್ಮೂ ಕೇಳಿಸುವುದಿಲ್ಲ.

ಎರಡನೇ ಸಲ ಬಡಿಸಲು ಬಂದಾಗ ಸಾಕು ಎಂದೆ. ಹೊಟ್ಟೆ ಬೇಕು ಎಂದಿತ್ತು, ಬಾಯಿ ಸಾಕು ಎಂದಿತು.

ಆಗಸ್ಟ್ ೩, ಭಾನುವಾರ

ಈ ಮನೆಯಲ್ಲಿ ನಾನು ಏನಕ್ಕಾದರೂ ಉಪಯೋಗಕ್ಕೆ ಬರಬೇಕು. ಪಾತ್ರೆ ತೊಳೆಯಲು ಹೋದರೆ ಅತ್ತೆ “ನಿನ್ನ ಹಾಸ್ಟೆಲ್ ತೊಳಿಯೋದು ಬೇಡ ತಾಯಿ, ಸೋಪೆಲ್ಲ ತಟ್ಟೇಲೇ ಇದೆ” ಎಂದರು. ಬಟ್ಟೆ ಮಡಚಿದರೆ ಮತ್ತೆ ಬಿಚ್ಚಿ ಅವರೇ ಮಡಚುತ್ತಾರೆ.

ಅಂಗಡಿಯಲ್ಲಿ ಮಶೀನಕ್ಕ ಇದ್ದಾಳೆ. ಮಶೀನು ಬಂದ ದಿನದಿಂದ ಅದನ್ನು ನಡೆಸುತ್ತಿರುವವಳು. ಸ್ಟೂಲಿನ ಮೇಲೆ ಅವಳದ್ದೇ ಒಂದು ದಿಂಬು, ಕಿವಿಯಲ್ಲಿ ಹತ್ತಿ, ಬಾಯಲ್ಲಿ ಸದಾ ಮಾತು. ನನಗೆ ‘ಹಾಸ್ಟೆಲ್ಲು’ ಎಂದು ಹೆಸರಿಟ್ಟಿದ್ದಾಳೆ. “ಏ ಹಾಸ್ಟೆಲ್ಲು, ನಿಂತ್ಕೊಂಡೇ ಚಹಾ ಕುಡೀತೀಯಲ್ಲೇ, ಹಿಂದೆ ಯಾರಾದ್ರೂ ಕ್ಯೂ ನಿಂತಿದಾರಾ?” ಎಲ್ಲರೂ ನಕ್ಕರು. ನಾನೂ ನಕ್ಕೆ. ಮೇಲೆ ಬಂದು ಕೂತ ಮೇಲೆ ಕಿವಿ ಬಿಸಿಯಾಗಿತ್ತು.

ಅವಳಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಆದರೂ ಕಂಪ್ಯೂಟರಿನಲ್ಲಿ ಯಾವ ಡಿಸೈನ್ ಎಲ್ಲಿದೆ ಎನ್ನುವುದು ಅವಳಿಗೆ ಗೊತ್ತು. ಅದನ್ನು ಗೊತ್ತು ಎನ್ನಬಹುದೋ ಇಲ್ಲವೋ. ಪರದೆಯ ತುಂಬ ಐಕಾನುಗಳನ್ನು ತರಕಾರಿ ಗಾಡಿಯ ಹಾಗೆ ಹರಡಿಕೊಂಡಿದ್ದಾಳೆ. ಗಡಿಯಾರದ ಪಕ್ಕದ್ದು ಆಸ್ಪತ್ರೆಯದ್ದು, ಕಸದ ಬುಟ್ಟಿಯ ಕೆಳಗಿನದ್ದು ಬ್ಯಾಡ್ಜಿನಲ್ಲಿ ದೀಪದ ಚಿತ್ರವಿರುವ ಸ್ಕೂಲಿನದ್ದು, ಅವಳ ಬಾಯಲ್ಲಿ ಅದು ‘ದೀಪದ ಸ್ಕೂಲು’. ಬೇಕಾದ್ದನ್ನು ಎತ್ತಿ ಪೆನ್‌ಡ್ರೈವಿಗೆ ಹಾಕುತ್ತಾಳೆ, ಪೆನ್‌ಡ್ರೈವನ್ನು ಮಶೀನಿಗೆ ಚುಚ್ಚುತ್ತಾಳೆ. ಅಷ್ಟೇ ಅವಳ ಕಂಪ್ಯೂಟರ್.

ಇವತ್ತು ಮಶೀನು ಮಾರಿದ ಡೀಲರ್ ಬಂದಿದ್ದ. ಅಕ್ಟೋಬರಿನ ಮಧ್ಯದಿಂದ ಈ ವಿಂಡೋಸಿಗೆ ಅಪ್‌ಡೇಟ್ ನಿಲ್ಲುತ್ತದಂತೆ, ಹೊಸದು ಈ ಮುದಿ ಕಂಪ್ಯೂಟರಿನಲ್ಲಿ ಕೂರುವುದಿಲ್ಲವಂತೆ. ಹೊಸ ಕಂಪ್ಯೂಟರ್ ತಗೊಳ್ಳಿ, ಡಿಸೈನ್ ಸಾಫ್ಟ್‌ವೇರೂ ಹೊಸದು, ಅದಕ್ಕೆ ಪ್ರತಿ ವರ್ಷ ಕಟ್ಟಬೇಕು ಎಂದ. ಅತ್ತೆ ಹೂಂ ಎಂದರು. ಅವನು ಹೋದ ಮೇಲೆ ಬಹಳ ಹೊತ್ತು ಆ ಕಂಪ್ಯೂಟರನ್ನೇ ನೋಡುತ್ತ ನಿಂತಿದ್ದರು. ಡಾಕ್ಟರು ಕೈಬಿಟ್ಟ ಮೇಲೆ ರೋಗಿಯನ್ನು ನೋಡುವ ಹಾಗೆ.

ಆಗಸ್ಟ್ ೧೦, ಭಾನುವಾರ

ಕಾಲೇಜಿನ ಲಿನಕ್ಸ್ ಕ್ಲಬ್ಬಿಗೆ ಸೇರಿದೆ. ಸೀನಿಯರ್ ಒಬ್ಬ ನನ್ನ ಹಳೆಯ ಲ್ಯಾಪ್‌ಟಾಪಿನ ವಿಂಡೋಸ್ ತೆಗೆದು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಕೊಟ್ಟ. ಅಜ್ಜಿಯ ಹಾಗೆ ಎದ್ದು ಕೂರಲು ಕಾಲು ಗಂಟೆ ತೆಗೆದುಕೊಳ್ಳುತ್ತಿದ್ದದ್ದು ಈಗ ಪಟ್ಟನೆ ಏಳುತ್ತದೆ. “ಮಶೀನು ಸಾಯೋದಿಲ್ಲ, ಕಂಪನಿಯವರು ಸತ್ತಿದೆ ಅಂತ ಅನೌನ್ಸ್ ಮಾಡ್ತಾರೆ ಅಷ್ಟೆ” ಎಂದ. ನನಗೆ ಯಾಕೋ ಅಳು ಬಂತು. ಧೂಳು ಎಂದೆ.

ಊಟದ ಹೊತ್ತಿಗೆ ಧೈರ್ಯ ಮಾಡಿ ಅತ್ತೆಗೆ ಹೇಳಿದೆ: ಹೊಸ ಕಂಪ್ಯೂಟರ್ ಬೇಡ, ನಾನು ಇದಕ್ಕೇ ಲಿನಕ್ಸ್ ಹಾಕುತ್ತೇನೆ, ಡಿಸೈನ್ ಮಾಡುವ ಪ್ರೋಗ್ರಾಮೂ ಪುಕ್ಕಟೆ ಸಿಗುತ್ತದೆ.

“ಮಶೀನು ನಿಲ್ಲಲ್ಲ ತಾನೆ?”

“ನಿಲ್ಲಲ್ಲ ಅತ್ತೆ. ಪ್ರಾಮಿಸ್.”

ಅವರು ತುಂಬ ಹೊತ್ತು ನನ್ನನ್ನೇ ನೋಡಿದರು. ಈ ಮನೆಗೆ ಬಂದ ಮೇಲೆ ಮೊದಲ ಸಲ ಎಂಬಂತೆ. ಆಮೇಲೆ ಕೇಳದೆಯೇ ಎರಡನೇ ಸಲ ಬಡಿಸಿದರು. ತಿಂದೆ.

ಆಗಸ್ಟ್ ೧೭, ಭಾನುವಾರ

ಆಯಿತು! ಆಯಿತು! ಆಯಿತು!

ಎಲ್ಲ ಡಿಸೈನುಗಳನ್ನೂ ಮೊದಲು ಬೇರೆ ಡಿಸ್ಕಿಗೆ ಕಾಪಿ ಮಾಡಿ, ನನ್ನ ಲ್ಯಾಪ್‌ಟಾಪಿನಲ್ಲೂ ಒಂದು ಕಾಪಿ ಇಟ್ಟುಕೊಂಡು, ಆಮೇಲೆ ಹಳೆಯದನ್ನು ಅಳಿಸಿದೆ. ಹಳೆಯದರ ಬದಲು ತಪ್ಪಿ ಕಾಪಿ ಇರುವ ಡಿಸ್ಕನ್ನೇ ಅಳಿಸಿದರೆ ಎಂದು ನಾಲ್ಕು ಸಲ ಓದಿ ಒತ್ತಿದೆ. ಸಂಜೆಗೆ ಹೊಸ ಪರದೆ ಬಂತು. ನೀಲಿ, ಖಾಲಿ, ಸ್ವಚ್ಛ. ಹಾಸ್ಟೆಲಿನಲ್ಲಿ ಇನ್‌ಸ್ಪೆಕ್ಷನ್ ದಿನದ ಡಾರ್ಮಿಟರಿಯ ಹಾಗೆ. ಡಿಸೈನುಗಳನ್ನೆಲ್ಲ ಫೋಲ್ಡರುಗಳಿಗೆ ಹಾಕಿ, ಇಂಗ್ಲಿಷಿನಲ್ಲಿ ನೀಟಾಗಿ ಹೆಸರು ಕೊಟ್ಟೆ. ಪೆನ್‌ಡ್ರೈವ್ ಹಾಕಿ ಒಂದು ಬ್ಯಾಡ್ಜ್ ಹೊಲಿಸಿದೆ. ಹೊಲಿಯಿತು!

ಅತ್ತೆ ಆ ಬ್ಯಾಡ್ಜನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ನಮ್ಮ ಹುಡುಗಿ” ಎಂದು ಪಕ್ಕದ ಜೆರಾಕ್ಸ್ ಅಂಗಡಿಯವರಿಗೆ ತೋರಿಸಿದರು.

ನಮ್ಮ ಹುಡುಗಿ.

ಆಗಸ್ಟ್ ೧೯, ಮಂಗಳವಾರ

ಮಶೀನಕ್ಕನ ಗಲಾಟೆ. “ನನ್ನ ಸಾಮಾನೆಲ್ಲ ಎಲ್ಲಿ ಬಚ್ಚಿಟ್ಟೆಯೇ?” ಬಚ್ಚಿಟ್ಟಿಲ್ಲ ಅಕ್ಕ, ಜೋಡಿಸಿಟ್ಟಿದ್ದೇನೆ ಎಂದೆ. “ಜೋಡಿಸಿದ್ದು ನಿನ್ನ ಕಣ್ಣಿಗೆ. ನನ್ನ ಕಣ್ಣಿಗೆ ಮನೆ ಗುಡಿಸಿ ಹಾಕಿದ ಹಾಗಿದೆ. ಮೊದಲಿನ ಹಾಗೇ ಹರಡಿಕೊಡು.” ಹಾಗೆ ಮಾಡಿದರೆ ಸಿಸ್ಟಮ್ ಇಡುವುದೇ ಯಾಕೆ? ಒಂದೊಂದಾಗಿ ಹೇಳಿಕೊಟ್ಟೆ. ಅರ್ಧಕ್ಕೆ ಆಕಳಿಸಿದಳು.

ಐದು ನಿಮಿಷ ಮುಟ್ಟದಿದ್ದರೆ ಪರದೆಗೆ ಬೀಗ ಬೀಳುವ ಹಾಗೆ ಮಾಡಿದ್ದೇನೆ. ಹಾಗೆ ಇಡಬೇಕೆಂದು ಕ್ಲಬ್ಬಿನಲ್ಲಿ ಹೇಳಿದ್ದಾರೆ. ಪಾಸ್‌ವರ್ಡ್ ಕೇಳಿದಳು. ಕೊಡಬಹುದಿತ್ತು. ಆದರೆ ಹಾಸ್ಟೆಲಿನಲ್ಲಿ ನಾವು ಕಲಿತ ಮೊದಲ ಪಾಠವೇ ಅದು, ಬೀಗದ ಕೈ ಒಬ್ಬರ ಹತ್ತಿರ ಇದ್ದರೆ ಬೀಗ, ಇಬ್ಬರ ಹತ್ತಿರ ಇದ್ದರೆ ಬರೀ ಕಬ್ಬಿಣ. ಬೇಕಾದಾಗ ಕರೆಯಿರಿ, ಬಂದು ತೆಗೆಯುತ್ತೇನೆ ಎಂದೆ.

“ಓಹೋ, ಇಂಗ್ಲಿಷ್ ಮೇಡಮ್ ಬಂದು ಬಾಗಿಲು ತೆಗೀಬೇಕು, ನಾವು ಹೊರಗೆ ನಿಂತಿರಬೇಕು” ಎಂದಳು.

ನಿಲ್ಲಲಿ.

ಆಗಸ್ಟ್ ೨೯, ಶುಕ್ರವಾರ

ಫೋನ್, ಫೋನ್, ಫೋನ್. ಗಣಿತದ ಕ್ಲಾಸಿನಲ್ಲಿ, ಲ್ಯಾಬಿನಲ್ಲಿ, ಕಾಲೇಜಿನ ಗೇಟಿನಲ್ಲಿ. ಬೆಳಿಗ್ಗೆ ನಾನು ಬೀಗ ತೆಗೆದು ಬರುತ್ತೇನೆ. ಅವಳು ಚಹಾಕ್ಕೆ ಎದ್ದರೆ ಮತ್ತೆ ಬೀಳುತ್ತದೆ. ಆಗ ನಾನು ಓಡಿ ಬರಬೇಕು. ಎರಡು ಪೀರಿಯಡ್ ತಪ್ಪಿತು. ಚಹಾ ಕುಡಿಯದೆ ಇರಲು ಏನು ಧಾಡಿ?

ಆದರೂ ಒಂದು ಮಾತು. ಅತ್ತೆ ಈಗ ಯಾವ ಆರ್ಡರ್ ಒಪ್ಪಿಕೊಳ್ಳುವ ಮೊದಲೂ ನನ್ನ ಮುಖ ನೋಡುತ್ತಾರೆ. “ಆಗುತ್ತಾ ಮರಿ?” ನಾನು ಆಗುತ್ತೆ ಎಂದರೆ ಆಗುತ್ತದೆ.

ಟ್ರಂಕಿಗೆ ಬೀಗ ಹಾಕುವುದು ಮರೆತೇ ಹೋಗಿದೆ.

ಸೆಪ್ಟೆಂಬರ್ ೨, ಮಂಗಳವಾರ

ದೀಪದ ಸ್ಕೂಲಿನ ದೊಡ್ಡ ಆರ್ಡರ್ ಬಂದಿದೆ. ಚಳಿಗಾಲದ ಸ್ವೆಟರುಗಳಿಗೆಲ್ಲ ಬ್ಯಾಡ್ಜ್. ಅವರು ದೀಪದ ಕೆಳಗಿನ ಇಂಗ್ಲಿಷ್ ಸಾಲನ್ನು ಹೋದ ವರ್ಷ ಬದಲಾಯಿಸಿದ್ದಾರೆ. ಹಳೆಯದು, ಹೊಸದು ಎರಡೂ ನಮ್ಮಲ್ಲಿವೆ. ಚಿತ್ರ ಒಂದೇ, ಸಾಲು ಮಾತ್ರ ಬೇರೆ. “ಅಕ್ಷರ ನೀನು ನೋಡ್ಕೋ. ಅವಳಿಗೆ ಅದು ಇರುವೆ ಸಾಲು” ಎಂದರು ಅತ್ತೆ.

ಮಶೀನಕ್ಕನಿಗೂ ಕೇಳಿಸಿತು. “ಇರುವೆ ಆದ್ರೂ ನನ್ನ ಸಾಲು ಯಾವತ್ತೂ ಸೊಟ್ಟ ಹೋಗಿಲ್ಲ” ಎಂದಳು. ಅತ್ತೆ ನಗಲಿಲ್ಲ. ಮೊದಲಾಗಿದ್ದರೆ ನಗುತ್ತಿದ್ದರು.

ಸೆಪ್ಟೆಂಬರ್ ೯, ಮಂಗಳವಾರ

ಕ್ಲಬ್ಬಿನಲ್ಲಿ ನನ್ನ ಡೆಮೊ. ಮೂವತ್ತು ಜನರಾದರೂ ಇದ್ದರು. ಕಸೂತಿ ಅಂಗಡಿಯ ಮುದಿ ಕಂಪ್ಯೂಟರನ್ನು ಹೇಗೆ ಉಳಿಸಿದೆ ಎಂದು ನನ್ನ ಲ್ಯಾಪ್‌ಟಾಪಿನಲ್ಲಿ ತೋರಿಸುತ್ತಿದ್ದೆ. ಮೊದಲು ಧ್ವನಿ ಸೊಳ್ಳೆಯ ಹಾಗಿತ್ತು, ಆಮೇಲೆ ಸರಿಹೋಯಿತು. ಎಲ್ಲರೂ ಕೇಳುತ್ತಿದ್ದರು. ನನ್ನನ್ನು!

ಆಗಲೇ ಅವಳ ಫೋನ್. “ಹಾಸ್ಟೆಲ್ಲು, ದೀಪದ ಸ್ಕೂಲಿಂದು ಎರಡಿದೆ ಕಣೇ. ಯಾವುದು ಹಾಕ್ಲಿ?” ಮುಂದಿನ ಬೆಂಚಿನವರಿಗೆ ‘ಹಾಸ್ಟೆಲ್ಲು’ ಕೇಳಿಸಿ ಕಿಸಕ್ಕೆಂದರು. ಅದೇ ಫೋಲ್ಡರಿನ ಕಾಪಿ ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದಿತ್ತು. ಹೊಸದು ಮೇಲಿತ್ತು.

“ಮೇಲಿನದು ಹಾಕಿ ಅಕ್ಕ.”

“ಒಂದ್ಸಲ ಬಂದು ನೋಡ್ಬಿಡೇ, ಹೊಲಿದ್ಮೇಲೆ ಬಿಚ್ಚೋಕಾಗಲ್ಲ.”

“ಮೇಲಿನದು ಅಂದ್ನಲ್ಲ!” ಕಟ್ ಮಾಡಿದೆ.

ಸೀನಿಯರ್ ಚಪ್ಪಾಳೆ ತಟ್ಟಿಸಿದ. ಸಂಜೆ ಎಲ್ಲರೂ ಸೇರಿ ಐಸ್‌ಕ್ರೀಮ್ ತಿಂದೆವು. ಅಂಗಡಿಗೆ ಬರುವಷ್ಟರಲ್ಲಿ ಬಾಗಿಲು ಹಾಕಿತ್ತು.

ಸೆಪ್ಟೆಂಬರ್ ೧೨, ಶುಕ್ರವಾರ

ಸ್ಕೂಲಿನ ಸ್ಟೋರಿನವರು ಸ್ವೆಟರುಗಳ ಡಬ್ಬಗಳನ್ನೆಲ್ಲ ವಾಪಸ್ ತಂದು ಅಂಗಡಿಯ ನಡುವೆ ಸುರಿದರು. ಎಲ್ಲದರ ಮೇಲೂ ಹಳೆಯ ಸಾಲು. ಅತ್ತೆ ಒಂದನ್ನು ಎತ್ತಿಕೊಂಡು ನೆಲದ ಮೇಲೆ ಕೂತುಬಿಟ್ಟರು. ಕುರ್ಚಿ ಪಕ್ಕದಲ್ಲೇ ಇತ್ತು.

“ಯಾರು ಮಾಡಿದ್ದು ಇದು?” ಎಂದರು ಸ್ಟೋರಿನವರು.

ಮಶೀನಕ್ಕ ನನ್ನ ಕಡೆ ಕೈ ತೋರಿಸಿದಳು. “ಇವಳನ್ನೇ ಕೇಳಿ. ಫೋನ್ ಮಾಡಿ ಕೇಳ್ದೆ. ಮೇಲಿನದು ಅಂದ್ಲು. ಮೇಲಿನದೇ ಹಾಕ್ದೆ.”

ಎಲ್ಲರೂ ನನ್ನನ್ನು ನೋಡಿದರು. ಆ ನೋಟ ನನಗೆ ಗೊತ್ತು. ವಾರ್ಡನ್ ಟಾರ್ಚ್ ಬಿಟ್ಟಾಗ ಹಾಗೇ ಇರುತ್ತದೆ. ಎದ್ದು ನಿಂತವರ ಹೆಸರು ಬೋರ್ಡಿನಲ್ಲಿ, ಮಲಗಿದ್ದವರು ಸೇಫ್.

“ನೆನಪಿಲ್ಲ. ದಿನಕ್ಕೆ ಇಪ್ಪತ್ತು ಸಲ ಫೋನ್ ಮಾಡ್ತಾರೆ” ಎಂದೆ. ಸುಳ್ಳೇನಲ್ಲ, ಮಾಡುತ್ತಾಳೆ.

ಆಮೇಲೆ ಯಾರೂ ಇಲ್ಲದಾಗ ನೋಡಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ಫೈಲುಗಳು ತಾರೀಖಿನ ಪ್ರಕಾರ ಬರುತ್ತವೆ, ಹೊಸದು ಮೇಲೆ. ಅಂಗಡಿಯದರಲ್ಲಿ ಹೆಸರಿನ ಪ್ರಕಾರ ಬರುತ್ತಿದ್ದವು, ಹಳೆಯದು ಮೇಲೆ. ಅಷ್ಟೇ. ಒಂದು ಸೆಟ್ಟಿಂಗು. ಯಾರಿಗೆ ಬೇಕಾದರೂ ಆಗಬಹುದಾದ್ದು. ಅಂಗಡಿಯದನ್ನೂ ತಾರೀಖಿನ ಪ್ರಕಾರ ಮಾಡಿದೆ. ಇನ್ನು ಮುಂದೆ ತೊಂದರೆ ಇಲ್ಲ.

ಸೆಪ್ಟೆಂಬರ್ ೧೩, ಶನಿವಾರ

ತಪ್ಪು ಮಾಡಿದವರು ಇನ್ನು ಆ ಮಶೀನು ಮುಟ್ಟಬಾರದು, ಇಲ್ಲದಿದ್ದರೆ ಆರ್ಡರ್ ಬೇರೆ ಕಡೆ ಎಂದು ಸ್ಕೂಲಿನಿಂದ ಫೋನ್ ಬಂತು. ಅತ್ತೆ ನಮ್ಮಿಬ್ಬರನ್ನೂ ಕಂಪ್ಯೂಟರ್ ಮುಂದೆ ನಿಲ್ಲಿಸಿದರು.

“ಎಲ್ಲಿ, ಅವತ್ತು ಯಾವುದು ಹಾಕ್ದೆ ತೋರ್ಸು.”

ಮಶೀನಕ್ಕ ಮೌಸ್ ಹಿಡಿದು ಮೇಲಿನದನ್ನು ಒತ್ತಿದಳು. ಹೊಸ ಸಾಲಿನ ಬ್ಯಾಡ್ಜ್ ತೆರೆಯಿತು. ಸರಿಯಾದದ್ದು. ಅವಳು ಪರದೆ ನೋಡಿದಳು, ಮತ್ತೆ ಸ್ವೆಟರ್ ನೋಡಿದಳು. ಅಕ್ಷರ ಬಾರದಿದ್ದರೂ ಎರಡೂ ಬೇರೆ ಎನ್ನುವುದು ಕಂಡಿರಬೇಕು.

“ಇದು ಮೊನ್ನೆ ಹೀಗಿರ್ಲಿಲ್ಲ.”

“ಕಂಪ್ಯೂಟರ್ ಸುಳ್ಳು ಹೇಳಲ್ಲ ಅಕ್ಕ” ಎಂದೆ. ಧ್ವನಿ ಡೆಮೊ ದಿನದ ಹಾಗೆ ಸ್ಥಿರವಾಗಿತ್ತು. ಪ್ರ್ಯಾಕ್ಟೀಸ್ ಆಗಿದೆ.

“ಕಂಪ್ಯೂಟರ್ ಹೇಳಲ್ಲ ಬಿಡು” ಎಂದಳು.

ಅತ್ತೆ ಸ್ವೆಟರ್ ಮಡಚಿ ಡಬ್ಬಕ್ಕೆ ಹಾಕಿದರು. ಆಮೇಲೆ ಮಶೀನಕ್ಕನಿಗೆ, “ನಾಳೆಯಿಂದ ಬರಬೇಡ ಕಣೆ” ಎಂದರು. ಅವಳು ವಾದಿಸಲಿಲ್ಲ. ಕಿವಿಯ ಹತ್ತಿ ತೆಗೆದು ಬಿಸಾಕಿದಳು, ಸ್ಟೂಲಿನ ದಿಂಬು ಎತ್ತಿಕೊಂಡಳು. ಬಾಗಿಲಲ್ಲಿ ನಿಂತು ಅತ್ತೆಗೆ, “ಎಡಗಡೆ ಸೂಜಿಗೆ ವಾರಕ್ಕೊಂದ್ಸಲ ಎಣ್ಣೆ ಬಿಡಿ, ಇಲ್ದಿದ್ರೆ ದಾರ ಕಚ್ಚುತ್ತೆ” ಎಂದಳು. ನನ್ನ ಕಡೆ ನೋಡಲೇ ಇಲ್ಲ. ನೋಡಿದ್ದರೂ ನಾನೇನು ಹೇಳಬೇಕಿತ್ತು? ನಾನೇನು ಅವಳನ್ನು ಕಳಿಸಿದೆನೇ?

ಸೆಪ್ಟೆಂಬರ್ ೧೫, ಸೋಮವಾರ

ಮಶೀನಿನ ಮುಂದಿನ ಸ್ಟೂಲು ಗಟ್ಟಿ. ಬೆನ್ನು ನೋವು.

ಸೆಪ್ಟೆಂಬರ್ ೨೬, ಶುಕ್ರವಾರ

ಸ್ವೆಟರುಗಳ ಬ್ಯಾಡ್ಜ್ ಬಿಚ್ಚಿ ಮತ್ತೆ ಹೊಲಿದಿದ್ದಾಯಿತು. ಬ್ಲೇಡಿನಲ್ಲಿ ಬಿಚ್ಚಿ ಬಿಚ್ಚಿ ಬೆರಳ ತುದಿ ಸತ್ತುಹೋಗಿದೆ. ಬೆಳಿಗ್ಗೆ ಅಂಗಡಿ, ಮಧ್ಯಾಹ್ನ ಸಾಧ್ಯವಾದರೆ ಕಾಲೇಜು. ಹಾಜರಿ ಕಡಿಮೆಯೆಂದು ಮೆಸೇಜ್ ಬಂದಿದೆ. ಕ್ಲಬ್ಬಿನವರು ಗ್ರೂಪಿನಲ್ಲಿ ‘ಎಲ್ಲಿ ನಮ್ಮ ಕಸೂತಿ ಕನ್ಯೆ’ ಎಂದು ಬರೆದಿದ್ದರು. ಯಾರಿಗೂ ಸೀರಿಯಸ್‌ನೆಸ್ ಇಲ್ಲ. ಗ್ರೂಪ್ ಬಿಟ್ಟೆ.

ದಾರ ಜೋಡಿಸಲು ಬಂದ ಹೊಸ ಹೆಂಗಸು ಇವತ್ತು ಕೀಬೋರ್ಡ್ ಒರೆಸಲು ಹೋದಳು. ಮುಟ್ಟಬೇಡಿ ಎಂದು ಕೂಗಿದೆ. ಅವಳ ಕೈಯಿಂದ ಬಟ್ಟೆ ಬಿತ್ತು. ಇಷ್ಟು ಹೇಳಿದ್ದಕ್ಕೆ ಕಣ್ಣಲ್ಲಿ ನೀರು! ನಾಜೂಕು ಜನ.

ಅಕ್ಟೋಬರ್ ೪, ಶನಿವಾರ

ಬಸ್ ಸ್ಟಾಪಿನಲ್ಲಿ ಮಶೀನಕ್ಕ ಸಿಕ್ಕಳು. ತಲೆ ತಿರುಗಿಸಿ ಹೋಗೋಣವೆಂದರೆ ಅವಳೇ ಕರೆದಳು. ಮಾತು ಮೊದಲಿನ ಹಾಗೇ, ಆದರೆ ಮುಖ ಇಳಿದಿತ್ತು.

“ಹಾಸ್ಟೆಲ್ಲು, ಒಂದು ಉಪಕಾರ ಮಾಡ್ತೀಯಾ? ಎಲ್ಲಿ ಹೋದ್ರೂ ‘ಕಂಪ್ಯೂಟರ್ ಬರುತ್ತಾ’ ಅಂತಾರೆ. ಬರುತ್ತೆ ಅಂದ್ಬಿಟ್ಟಿದೀನಿ ಒಂದು ಕಡೆ. ಆ ಫೋಲ್ಡರ್ರು ಗೀಲ್ಡರ್ರು ಒಂದೆರಡು ದಿನ ಹೇಳಿಕೊಡೇ. ಆವಾಗ ಆಕಳಿಸಿದ್ದೆ. ಈಗ ಆಕಳಿಸಲ್ಲ.”

“ಟೆಸ್ಟ್ ಇದೆ ಅಕ್ಕ.”

“ಹೂಂ. ಟೆಸ್ಟ್ ಮುಗಿಸ್ಕೋ, ಓದು ಮುಖ್ಯ” ಎಂದಳು. ತಮಾಷೆಗೋ ನಿಜವಾಗಿಯೋ ಗೊತ್ತಾಗಲಿಲ್ಲ. ಬಸ್ ಬಂತು, ಹತ್ತಿದೆ. ಒಂದೆರಡು ದಿನವಂತೆ! ನನಗೆ ಯಾರು ಹೇಳಿಕೊಟ್ಟಿದ್ದರು?

ಅಕ್ಟೋಬರ್ ೧೪, ಮಂಗಳವಾರ

ಇವತ್ತು ಹಳೆಯ ವಿಂಡೋಸಿನ ಕೊನೆಯ ದಿನ. ಊರಿಗೆಲ್ಲ ಚಿಂತೆ, ನಮ್ಮ ಅಂಗಡಿಗಿಲ್ಲ. ಸಂಜೆ ಮಶೀನು ನಿಲ್ಲಿಸಿದ ಮೇಲೆ ಅತ್ತೆ ಎರಡು ಲೋಟ ಚಹಾ ತಂದು ಒಂದನ್ನು ನನ್ನ ಮುಂದಿಟ್ಟರು.

“ಈ ನಿನ್ನ ಲಿನಕ್ಸಿಗೆ ಎಲ್ಲೀವರೆಗೆ ಆಯಸ್ಸು?”

ಇನ್ನೂ ಮೂರೂವರೆ ವರ್ಷ, ಆಮೇಲೆ ಅದರ ಮುಂದಿನದು ಹಾಕಿದರಾಯಿತು ಎಂದೆ. ನನ್ನ ಡಿಗ್ರಿ ಮುಗಿಯುವುದೂ ಸರಿಸುಮಾರು ಆಗಲೇ. ಆದ್ದರಿಂದ ಧೈರ್ಯವಾಗಿ ಕೇಳಿಯೇಬಿಟ್ಟೆ: “ಅಲ್ಲೀವರೆಗೆ ನಾನು ಇಲ್ಲೇ ಇರಬಹುದಾ ಅತ್ತೆ? ಹಾಸ್ಟೆಲ್ ಲಿಸ್ಟು ಮುಂದಿನ ತಿಂಗಳು ಹಾಕ್ತಾರೆ.”

ಅವರು ಚಹಾ ಆರಿಸುತ್ತ ಕೂತರು. ಆಮೇಲೆ ನಿಧಾನವಾಗಿ ಹೇಳಿದರು, ಬೈದ ಹಾಗಿರಲಿಲ್ಲ: “ಅವತ್ತು ಅವಳು ನಿನಗೆ ಫೋನ್ ಮಾಡ್ದಾಗ ಸ್ಪೀಕರಿಗೆ ಹಾಕಿದ್ಲು ಮರಿ. ಅವಳ ಕಿವೀಲಿ ಹತ್ತಿ ಇರುತ್ತಲ್ಲ. ನಾನು ಪಕ್ಕದಲ್ಲೇ ದಾರ ಸುತ್ತುತಾ ಇದ್ದೆ. ಪರದೇನೂ ನೋಡ್ದೆ, ಸಾಲು ಮಾತ್ರ ಓದ್ಲಿಲ್ಲ. ಅವಳು ಮೇಲಿನದೇ ಒತ್ತಿದ್ದು.”

“ಮತ್ತೆ ಯಾಕೆ ಅವಳನ್ನ...”

“ಯಾರನ್ನಾದ್ರೂ ಕಳಿಸಲೇಬೇಕಿತ್ತು. ನಿನ್ನ ಕಳಿಸಿದ್ರೆ ಮಶೀನು ನಿಲ್ಲುತ್ತೆ. ಅವಳನ್ನ ಕಳಿಸಿದ್ರೆ ಅವಳೊಬ್ಬಳು ನಿಲ್ತಾಳೆ.” ಲೋಟ ಕೆಳಗಿಟ್ಟರು. “ಅವಳ ಮುಖ ನೋಡಿ ಆ ಮಾತು ಹೇಳೋವಾಗ ನನ್ನ ನಾಲಿಗೆ ಯಾಕೆ ಬಿದ್ದು ಹೋಗ್ಲಿಲ್ವೋ. ಆ ಪಾಸ್‌ವರ್ಡು ನನಗೂ ಹೇಳು.”

“ಹೇಳ್ತೀನಿ ಅತ್ತೆ. ಪರೀಕ್ಷೆ ಮುಗೀಲಿ, ಕೂತ್ಕೊಂಡು ಸರಿಯಾಗಿ ಹೇಳಿಕೊಡ್ತೀನಿ.”

“ಪರೀಕ್ಷೆಗೆ ನಿನ್ನ ಕೂರಿಸ್ತಾರಾ? ಕಾಲೇಜಿಂದ ನನಗೂ ಫೋನ್ ಬಂದಿತ್ತು” ಎಂದರು. ಎರಡೂ ಲೋಟ ಎತ್ತಿಕೊಂಡು ಮೇಲೆ ಹೋದರು. ನನ್ನದನ್ನು ನಾನಿನ್ನೂ ಮುಟ್ಟಿರಲಿಲ್ಲ.

ಅಂದರೆ, ಸೆಮಿಸ್ಟರ್ ಮುಗಿದ ಮೇಲೂ ನಾನು ಇಲ್ಲೇ. ಕಳಿಸುವುದಿಲ್ಲ ಎಂದು ಅವರೇ ಹೇಳಿದಂತಾಯಿತು. ಕೇಳಿದ್ದು ಸಿಕ್ಕಿತು. ಖುಷಿಯಾಗಬೇಕಿತ್ತು, ಆಗುತ್ತದೆ, ಇವತ್ತು ಬಹಳ ಸುಸ್ತಾಗಿದೆ ಅಷ್ಟೆ.

ಶಟರ್ ಎಳೆಯುವ ಮುಂಚೆ ಪಾಸ್‌ವರ್ಡ್ ಬದಲಾಯಿಸಿದೆ. ಮೊದಲಿನದಕ್ಕಿಂತ ಸ್ವಲ್ಪ ಉದ್ದದ್ದು.